ಬಿಯರ್ ಗಾರ್ಡನ್ನಿನಲ್ಲಿ ಇಟ್ಟ ಎಡೆ

ನಮ್ಮ ಮನೆಯವರು ತೀರಿಕೊಂಡು ವರ್ಷ ತುಂಬಿದ ಮೇಲೆ ಬಂದ ಮೊದಲ ಮಹಾಲಯ ಅಮಾವಾಸ್ಯೆಗೆ ನಾವು ಅವರಿಗೆ ಎಡೆ ಇಟ್ಟದ್ದು ದುಬೈನ ಒಂದು ಹೋಟೆಲಿನ ಜರ್ಮನ್ ಬಿಯರ್ ಗಾರ್ಡನ್ನಿನಲ್ಲಿ. ಹೀಗೆ ಬರೆದರೆ ತಮಾಷೆ ಮಾಡುತ್ತಿದ್ದೇನೆ ಅನ್ನಿಸಬಹುದು. ತಮಾಷೆ ಅವರ ಸ್ವಭಾವ. ನಾನು ಪಿಯುಸಿಗೆ ಓದು ನಿಲ್ಲಿಸಿದವಳು, ಮಾತೂ ಕಡಿಮೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಅವರದು ಹೋಟೆಲುಗಳ ಕೋಲ್ಡ್ ರೂಮುಗಳನ್ನು ರಿಪೇರಿ ಮಾಡುವ ಕೆಲಸ. ಮಂಡ್ಯದಲ್ಲಿ ಐಟಿಐ ಮುಗಿಸಿ ಇಲ್ಲಿಗೆ ಬಂದವರು. ಮೊದಲು ಅಬುಧಾಬಿಯ ಖಾಲಿದಿಯಾದಲ್ಲಿದ್ದೆವು, ಮಗಳು ಶಾಲೆಗೆ ಸೇರುವ ಹೊತ್ತಿಗೆ ದುಬೈನ ಅಲ್ ನಹ್ದಾಕ್ಕೆ ಬಂದೆವು. ಒಂದು ಸಲ ಆ ಜರ್ಮನ್ ರೆಸ್ಟೋರೆಂಟಿನಲ್ಲಿ ಬಿಯರ್ ಪೀಪಾಯಿಗಳನ್ನು ಇಡುವ ತಣ್ಣನೆಯ ಕೋಣೆ ಕೆಟ್ಟಿತು. ಇವರು ಹೋಗಿ ಸರಿಮಾಡಿದರು. ಅಲ್ಲಿದ್ದ ವಯಸ್ಸಾದ ಜರ್ಮನ್ ಷೆಫ್ ಒಂದು ಗ್ಲಾಸು ತುಂಬಿ ಕೊಟ್ಟು, ಬಿಯರ್ ತಣ್ಣಗಿರಬೇಕೇ ಹೊರತು ಹಲ್ಲು ಜುಂ ಅನ್ನುವ ಹಾಗೆ ಕೊರೆಯಬಾರದು ಎಂದು ಪಾಠ ಹೇಳಿದನಂತೆ. ಮನೆಗೆ ಬಂದವರೇ ಫ್ರಿಜ್ಜಿನಲ್ಲಿದ್ದ ಮಜ್ಜಿಗೆಯ ಮೇಲೂ ಅದೇ ಪಾಠ ಪ್ರಯೋಗಿಸಿದರು.

ಅಲ್ಲಿಂದಾಚೆಗೆ ನಮಗೆ ವರ್ಷದ ಋತುಗಳು ಗೊತ್ತಾಗುತ್ತಿದ್ದದ್ದು ಆ ಬಿಯರ್ ಗಾರ್ಡನ್ನಿನಿಂದ. ಇಲ್ಲಿನ ಗಾರ್ಡನ್ ಜರ್ಮನಿಯದಕ್ಕೆ ತಿರುವುಮುರುವು. ಅಲ್ಲಿ ಬೇಸಗೆ ಬಂದರೆ ಜನ ಮರದ ಕೆಳಗೆ ಬಂದು ಕೂರುತ್ತಾರಂತೆ. ಇಲ್ಲಿ ಬೇಸಗೆ ಬಂದರೆ ತೋಟಕ್ಕೆ ಬೀಗ, ಬೆಂಚುಗಳು ಅಂಗಾತ. ನವೆಂಬರಿನಲ್ಲಿ ಗಾಳಿ ತಂಪಾದ ಮೇಲೆ ಬೇವಿನ ಮರದ ಕೆಳಗೆ ಉದ್ದುದ್ದ ಬೆಂಚು ಹಾಕುತ್ತಾರೆ. ಒಂದು ಬೆಂಚಿನಲ್ಲಿ ಯಾರು ಬೇಕಾದರೂ ಕೂರಬಹುದು. ಖಾಲಿ ಜಾಗ ಕಂಡರೆ ಬಂದು ಕೂತುಬಿಡುವುದೇ ಅಲ್ಲಿನ ಪದ್ಧತಿ. ನನಗೆ ಗುರುತಿಲ್ಲದವರ ಪಕ್ಕ ಕೂತು ತಿನ್ನಲು ಮುಜುಗರ. ಇವರಿಗೆ ಅದೇ ಸಂಭ್ರಮ. "ಮದುವೆಮನೆ ಪಂಕ್ತೀಲಿ ಪಕ್ಕದಲ್ಲಿ ಕೂತೋನು ಯಾರು ಅಂತ ಕೇಳ್ತೀವೇನೇ? ಇದೂ ಹಂಗೇ, ಮುಯ್ಯಿ ಮಾಡೋದೊಂದು ಇಲ್ಲ ಅಷ್ಟೆ" ಅನ್ನುತ್ತಿದ್ದರು.

ನಾನು ಕುಡಿಯುವವಳಲ್ಲ. ನಿಂಬೆಹಣ್ಣಿನ ಸೋಡಾ ಇಟ್ಟುಕೊಂಡು ಕೂರುತ್ತಿದ್ದೆ. ಆದರೆ ಅವರ ಮಗ್ಗು ಬಂದ ಕೂಡಲೇ ಅದನ್ನು ನನ್ನ ಕಡೆಗೆ ತಳ್ಳುತ್ತಿದ್ದರು. ಮೇಲೆ ಬೆರಳುದ್ದ ನೊರೆ. "ಬೆಣ್ಣೆ ನಿಂಗೆ, ಮಜ್ಜಿಗೆ ನಂಗೆ. ಬೇಗ, ಇಳಿದು ಹೋಗತ್ತೆ" ಅನ್ನುವರು. ನಾನು ಅತ್ತಿತ್ತ ನೋಡಿ ನೊರೆಯನ್ನಷ್ಟೇ ಹೀರಿ ಕೊಡುತ್ತಿದ್ದೆ. ಸ್ವಲ್ಪ ಕಹಿ, ಸ್ವಲ್ಪ ಹುರಿದ ಜೋಳದ ವಾಸನೆ. ಮೂಗಿನ ತುದಿಗೆ ಹತ್ತಿದ್ದನ್ನು ಅವರು ಯಾವತ್ತೂ ಹೇಳುತ್ತಿರಲಿಲ್ಲ. ಮನೆಗೆ ಬಂದು ಕನ್ನಡಿ ನೋಡಿದಾಗಲೇ ಗೊತ್ತಾಗುವುದು.

ಏಪ್ರಿಲ್ ಕೊನೆಗೆ ಬಿಳಿ ಆಸ್ಪರಾಗಸ್ ಬರುತ್ತಿತ್ತು. ಬಾಳೆದಿಂಡಿನ ಒಳಗಿನ ಎಳೆಯ ಭಾಗದ ಹಾಗೆ ಬೆಳ್ಳಗಿನ ಕಡ್ಡಿ, ಮೇಲೆ ಬೆಣ್ಣೆ. ವಿಮಾನದಲ್ಲಿ ಬರುತ್ತದೆ, ಕೆಲವೇ ವಾರ ಸಿಗುತ್ತದೆ ಎಂದು ಷೆಫ್ ಕಣ್ಣರಳಿಸಿ ಹೇಳುವಾಗ, ನಮ್ಮ ಕಡೆ ಸೊಗಡಿನ ಅವರೆಕಾಯಿ ಬಂದಾಗ ಆಡುವ ಮಾತೇ ಕೇಳಿದಂತಾಗುತ್ತಿತ್ತು. ಚಳಿಗಾಲದಲ್ಲಿ ಬಿಳಿ ಮೂಲಂಗಿಯನ್ನು ಸುರುಳಿ ಸುರುಳಿಯಾಗಿ ಹೆಚ್ಚಿ ಉಪ್ಪು ಉದುರಿಸಿ ಕೊಡುತ್ತಿದ್ದರು. ಮನೆಯಲ್ಲಿ ಮೂಲಂಗಿ ಹುಳಿ ಮಾಡಿದರೆ ಮುಖ ಸಿಂಡರಿಸುವ ನನ್ನ ಮಗಳು ಅಲ್ಲಿ ಅದನ್ನು ಫೋಟೋ ತೆಗೆದು ತಿನ್ನುತ್ತಿದ್ದಳು.

ಇವರಿಗೆ ಎಲ್ಲಕ್ಕಿಂತ ಪ್ರೀತಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬರುವ ಜರ್ಮನ್ನರ ಬಿಯರ್ ಹಬ್ಬ. ಹೊರಗೆ ಇನ್ನೂ ಸೆಕೆ, ಆದ್ದರಿಂದ ಎಲ್ಲ ಎಸಿ ಹಾಲಿನೊಳಗೆ. ಆಗ ಹುರಿದ ಬಾತುಕೋಳಿ, ಕೆಂಪು ಕೋಸಿನ ಪಲ್ಯ, ಜೊತೆಗೆ ಆಲೂಗೆಡ್ಡೆಯ ದೊಡ್ಡ ಉಂಡೆ, ಅದರ ಸುತ್ತ ಕಂದು ಗ್ರೇವಿ. ಮೊದಲ ಸಲ ತಟ್ಟೆ ಬಂದಾಗ ಇವರು ಎರಡೂ ಕೈ ಜೋಡಿಸಿದರು. "ಮುದ್ದೆ ಕಣೇ! ಮುದ್ದೆ, ಸಾರು! ಜರ್ಮನ್ನೋರು ಮಂಡ್ಯದಿಂದ ಹೋದೋರೇ ಇರ್ಬೇಕು." ಫೋರ್ಕು ಪಕ್ಕಕ್ಕಿಟ್ಟು ಬೆರಳಲ್ಲಿ ಮುರಿದು, ಗ್ರೇವಿಯಲ್ಲಿ ಅದ್ದಿ, ಗುಳುಂ ಎಂದು ನುಂಗಿದರು. ಆಮೇಲೆ ಸುತ್ತ ನೋಡಿ ಮರುಕಪಟ್ಟರು. "ಪಾಪ, ಎಲ್ಲಾ ಅಗೀತಾವ್ರೆ. ಮಾಡೋದು ಕಲ್ತಿದಾರೆ, ತಿನ್ನೋದು ಯಾರೂ ಹೇಳ್ಕೊಟ್ಟಿಲ್ಲ."

ಅವರು ಹೋದದ್ದು ಒಂದು ಕೆಲಸದ ದಿನ. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹೋಟೆಲೊಂದರಲ್ಲಿ ತುರ್ತು ರಿಪೇರಿ ಇತ್ತು. ಬೆಳಕು ಹರಿಯುವ ಮೊದಲೇ ಎದ್ದು, "ತಿಂಡಿ ಬೇಡ, ದಾರೀಲಿ ಏನಾದ್ರೂ ತಿಂತೀನಿ" ಎಂದು ಹೊರಟರು. ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ. ನಾನೂ ಮಗಳೂ ಅಬುಧಾಬಿ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಊರಿನಲ್ಲಿ ಸಂಸ್ಕಾರವಾಯಿತು. ಅಲ್ಲಿ ಅತ್ತೆ ನನ್ನನ್ನು ಕೇಳಿದ ಮೊದಲ ಮಾತು: "ಅವತ್ತು ಏನಾರ ತಿಂದಿದ್ನಾ?" ನನಗೆ ಗೊತ್ತಿರಲಿಲ್ಲ. ದಾರಿಯ ಪೆಟ್ರೋಲ್ ಬಂಕಿನಲ್ಲಿ ತಿಂದಿರಬಹುದು, ತಿಂದಿಲ್ಲದೆಯೂ ಇರಬಹುದು. ಕಂಪನಿಯವರಿಗೂ ಗೊತ್ತಿರಲಿಲ್ಲ. ಆಮೇಲೆ ಫೋನು ಮಾಡಿದಾಗಲೆಲ್ಲ ಅತ್ತೆ ಹವಾಮಾನ, ಹಸು, ಮೊಮ್ಮಗಳ ಮದುವೆ ಎಲ್ಲ ಮಾತಾಡಿ ಕೊನೆಗೆ ಅಲ್ಲಿಗೇ ಬರುತ್ತಿದ್ದರು. "ಹೊಟ್ಟೆ ಹಸ್ಕೊಂಡು ಹೋಗ್ಬುಟ್ನೇನೋ ಕಣವ್ವ." ಅವರಿಗೆ ಮಗ ಹೋದ ದುಃಖ ಒಂದಾದರೆ, ಹಸಿದು ಹೋದನೋ ಏನೋ ಎಂಬುದು ಇನ್ನೊಂದು. ಎರಡನೆಯದೇ ಅವರನ್ನು ತಿನ್ನುತ್ತಿತ್ತು.

ವರ್ಷದ ತಿಥಿ ಮುಗಿಸಿ ಬರುವಾಗ, "ನನ್ ಮಗ ಇದ್ದ ಜಾಗ ನೋಡ್ಬೇಕು" ಎಂದು ಅತ್ತೆ ಹಟ ಹಿಡಿದರು. ವಿಸಿಟ್ ವೀಸಾ ಮಾಡಿಸಿ ಕರೆದುಕೊಂಡು ಬಂದೆ. ಅಮಾವಾಸ್ಯೆ ಹತ್ತಿರವಾಯಿತು. ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಸತ್ತ ಹಿರಿಯರಿಗೆ ಎಡೆ ಇಡುತ್ತೇವೆ. ಬಾಳೆ ಎಲೆಯ ಮೇಲೆ ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಮುಂದಕ್ಕೆ ಮಾಡಿ, ಎಲ್ಲರೂ ಹೊರಗೆ ನಿಲ್ಲಬೇಕು. ಅವರು ಬಂದು ಉಂಡು ಹೋಗುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ, ಆಮೇಲೆ ಒಳಗೆ ಹೋಗಬೇಕು.

ಅತ್ತೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕೇಳಿದರು. "ಇಷ್ಟವಾದ್ದು ಇಡ್ಬೇಕು ಕಣವ್ವ. ನಮ್ಮಾವನಿಗೆ ನಶ್ಯ ಇಡ್ತಿದ್ದೋ. ನಿಮ್ಮಾವನಿಗೆ ಬ್ರಾಂದಿ, ಬೀಡಿ. ಇವನಿಗೇನು?"

"ಬಿಯರು ಅತ್ತೆ. ಆದ್ರೆ ಬಾಟ್ಲೀದು ಅವ್ರಿಗೆ ಸೇರ್ತಿರ್ಲಿಲ್ಲ. ಆ ಜರ್ಮನ್ ಹೋಟೆಲಿನ ನಲ್ಲೀದೇ ಆಗ್ಬೇಕು. ಜೊತೆಗೆ ಅಲ್ಲಿನ ಮುದ್ದೆ."

"ಜರ್ಮನ್ನೋರು ಮುದ್ದೆ ಮಾಡ್ತಾರಾ?"

"ಆಲೂಗೆಡ್ಡೇದು."

"ಆಲೂಗೆಡ್ಡೆ ಮುದ್ದೆ!" ಅತ್ತೆ ಆ ದೇಶದ ಬಡತನವನ್ನು ನೆನೆದಂತೆ ಲೊಚಗುಟ್ಟಿದರು. "ಹೋಗ್ಲಿ, ತಂದ್ಬುಡು ಮತ್ತೆ."

"ಮುದ್ದೆ ತರಬಹುದು. ಬಿಯರು ಹೊರಗೆ ತಗೊಂಡು ಹೋಗಕ್ಕೆ ಬಿಡಲ್ಲ. ಇಲ್ಲಿ ಕಾನೂನು."

"ಅದು ಬರಕ್ಕಿಲ್ಲ ಅಂದ್ರೆ ನಾವೇ ಹೋಗದು. ಎಡೆ ಎಲ್ಲಿಟ್ರೇನು? ಉಣ್ಣೋನು ಬರ್ಬೇಕು ಅಷ್ಟೆಯ."

ಆಫೀಸಿನಿಂದ ಬಂದ ಮಗಳು ಇದನ್ನು ಕೇಳಿ ಬ್ಯಾಗನ್ನು ಕೆಳಗೇ ಬಿಟ್ಟಳು. "ಅಜ್ಜೀ, ಇಟ್ಸ್ ಬೇಸಿಕಲಿ ಎ ಪಬ್! ಮ್ಯೂಸಿಕ್ ಇರತ್ತೆ, ಎಲ್ಲಾ ಕುಡೀತಿರ್ತಾರೆ."

"ನಿಮ್ಮ ತಾತನ ಎಡೆ ಮುಂದೆ ನಿಮ್ಮ ದೊಡ್ಡಪ್ಪಂದಿರು ಏನು ಪಂಚಾಮೃತ ಕುಡೀತಿದ್ರಾ?" ಅಂದರು ಅತ್ತೆ.

ಹಾಗೆ ಅಮಾವಾಸ್ಯೆಯ ಮಧ್ಯಾಹ್ನ ನಾವು ಮೂರು ಜನ ಹೆಂಗಸರು ಅಲ್ಲಿಗೆ ಹೋದೆವು. ಅತ್ತೆ ಇಳಕಲ್ ಸೀರೆ ಉಟ್ಟು, ಕಂಕುಳಲ್ಲಿ ಬಟ್ಟೆಯ ಚೀಲ ಅವುಚಿಕೊಂಡಿದ್ದರು. ಒಳಗೆ ನೀಲಿ ಬಿಳಿ ಬಾವುಟಗಳು, ಛಾವಣಿಯಿಂದ ಇಳಿಬಿಟ್ಟ ಪ್ಲಾಸ್ಟಿಕ್ ಎಲೆಗಳು, ವೇದಿಕೆಯ ಮೇಲೆ ತೊಗಲಿನ ಮೊಣಕಾಲು ಚಡ್ಡಿ ತೊಟ್ಟು ಕಹಳೆ ಊದುವ ಗಂಡಸರು. ಅತ್ತೆ ಅವರನ್ನು ಪಾದದಿಂದ ತಲೆಯವರೆಗೆ ನೋಡಿದರು. "ಆಳುಗಳು ಗಟ್ಟಿಮುಟ್ಟಾಗವ್ರೆ. ಪ್ಯಾಂಟಿಗೆ ಬಟ್ಟೆ ಸಾಲ್ದೇ ಹೋಯ್ತಾ?"

ಮೂಲೆಯ ಉದ್ದನೆಯ ಟೇಬಲ್ ಸಿಕ್ಕಿತು. ನಾನು ಬಾತುಕೋಳಿ, ಮುದ್ದೆ, ಒಂದು ದೊಡ್ಡ ಮಗ್ ಬಿಯರ್ ಹೇಳಿದೆ. ಕೇಳಿದ ವೇಟರ್ ಮೂವರನ್ನೂ ನೋಡಿ, ಯಾರಿಗೆ ಎಂದು ಕೇಳುವ ಧೈರ್ಯವಾಗದೆ ಹೋದ. ಎಡೆಯನ್ನು ತೆಂಕಲಿಗೆ ಇಡಬೇಕೆಂದು ಅತ್ತೆ ಹೇಳಿದರು. ಮಗಳು ಫೋನಿನ ದಿಕ್ಸೂಚಿ ತೆರೆದು ಸುತ್ತಿದಳು. ತೆಂಕಲಿಗೆ ಸರಿಯಾಗಿ ಶೌಚಾಲಯದ ಬಾಗಿಲಿತ್ತು. "ಸ್ವಲ್ಪ ಮೂಲೆಗೆ ತಿರುಗಿಸ್ಕೊ, ಅವನೇನು ಬೇಜಾರ್ ಮಾಡ್ಕಳಕ್ಕಿಲ್ಲ" ಎಂದು ಅತ್ತೆಯೇ ದಾರಿ ಮಾಡಿದರು.

ಚೀಲದಿಂದ ಬಾಳೆ ಎಲೆಯ ತುಂಡು ಬಂತು, ಚೆಂಡು ಹೂವು ಬಂತು. ಅದರ ಹಿಂದೆಯೇ ಊದುಬತ್ತಿಯ ಕಟ್ಟು.

"ನೋ, ಅಜ್ಜಿ! ಫೈರ್ ಅಲಾರಂ ಹೊಡ್ಕೊಳತ್ತೆ!"

"ಹೊಡ್ಕೊಂಡ್ರೆ ನಿಮ್ಮಪ್ಪ ಬತ್ತಾನಲ್ಲ, ಅವನೇ ರಿಪೇರಿ ಮಾಡ್ತನೆ."

ಮಗಳಿಗೆ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಊದುಬತ್ತಿ ಚೀಲಕ್ಕೆ ವಾಪಸು ಹೋಯಿತು.

ಊಟ ಬಂತು. ಎಲೆಯ ಮೇಲೆ ತಟ್ಟೆ, ಬಲಕ್ಕೆ ಮಗ್ಗು, ಪಕ್ಕದಲ್ಲಿ ಹೂವು. ಮೂವರೂ ಕೈಮುಗಿದೆವು. ನೊರೆ ಮಗ್ಗಿನ ಅಂಚಿನಿಂದ ಒಂದು ಗೆರೆಯಾಗಿ ಇಳಿಯಿತು. ನನ್ನ ಕೈ ತಾನಾಗಿ ಮಗ್ಗಿನ ಕಡೆ ಹೋದದ್ದನ್ನು ಹಿಂದಕ್ಕೆ ಎಳೆದುಕೊಂಡೆ. ಎಡೆಯನ್ನು ಮೊದಲು ಮುಟ್ಟಬಾರದು.

ಆದರೆ ಸತ್ತವರು ನಮ್ಮೆದುರು ಉಣ್ಣುವುದಿಲ್ಲ. ಮುಚ್ಚಲು ಅಲ್ಲಿ ಬಾಗಿಲೂ ಇಲ್ಲ. ನಾವು ಮುಖ ತಿರುಗಿಸಿಕೊಂಡು ಕೂತೆವು. ವೇಟರ್ ಬಂದು, "ಎನಿ ಪ್ರಾಬ್ಲಮ್ ವಿತ್ ದ ಫುಡ್, ಮೇಡಂ?" ಎಂದ. ಇಲ್ಲವೆಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಬಂದು, ಬಿಸಿ ಮಾಡಿಸಿ ತರಲೇ ಎಂದು ತಟ್ಟೆಗೆ ಕೈ ಹಾಕಿದ. ಅತ್ತೆ ಅವನ ಕೈ ಹಿಡಿದರು. "ಮುಟ್ಬೇಡ ಕಣಪ್ಪ, ಇನ್ನೂ ಉಣ್ತಾವ್ನೆ!" ವೇಟರ್ ಖಾಲಿ ಜಾಗವನ್ನೂ ಹೂವನ್ನೂ ನೋಡಿ, "ಬರ್ತ್‌ಡೇ?" ಎಂದು ಮಗಳನ್ನು ಕೇಳಿದ. "ಸಾರ್ಟ್ ಆಫ್" ಎಂದಳು ಅವಳು.

"ಹಿಂಗೆ ಮೇಲೆ ಬಿದ್ದು ಕಾಯ್ತಿದ್ರೆ ಅವನು ಎಲ್ಲಿ ಉಂಡಾನು? ಏಳಿ, ಆಚೆಗೆ ಹೋಗನ. ಚೀಲ ಗೀಲ ಎಲ್ಲಾ ತಗೊಳಿ, ನಮ್ಮದು ಏನೂ ಇರಬಾರ್ದು" ಎಂದು ಅತ್ತೆ ಎದ್ದರು. ಗಾಜಿನ ಬಾಗಿಲಾಚೆ ಇದ್ದದ್ದು ಚಳಿಗಾಲದ ಆ ತೋಟ. ಬಾಗಿಲು ಕಾಯುತ್ತಿದ್ದ ಹುಡುಗಿ, ಹೊರಗೆ ತುಂಬಾ ಸೆಕೆ ಎನ್ನುತ್ತಲೇ ಬೀಗ ತೆಗೆದಳು. ಹೋಗಿ ಬೆನ್ನು ಮಾಡಿ ನಿಂತೆವು.

ಸೆಕೆ ಒದ್ದೆ ಕಂಬಳಿಯಂತೆ ಮೇಲೆ ಬಿತ್ತು. ಬೆಂಚುಗಳು ಒಂದರ ಮೇಲೊಂದು ಮಗುಚಿ ಬಿದ್ದಿದ್ದವು. ಬೇವಿನ ಮರದ ಕೊಂಬೆಗೆ ಸುತ್ತಿದ್ದ ಸರದ ದೀಪಗಳಿಗೆ ಧೂಳು. ಅಲ್ಲೇ, ಮರದ ಎಡಕ್ಕೆ ನಾವು ಕೂರುತ್ತಿದ್ದದ್ದು. ಅತ್ತೆಗೆ ತೋರಿಸಿದೆ. ಅವರು ಹೋಗಿ ಮಗುಚಿದ ಬೆಂಚಿನ ಕಾಲನ್ನು ಮುಟ್ಟಿ ನೋಡಿ ಬಂದರು, ನೆಂಟರ ಮನೆಗೆ ಹೋದಾಗ ಅವರ ದನ ಮುಟ್ಟಿ ನೋಡುವ ಹಾಗೆ.

"ನೆರಳದೆ" ಅಂದರು. ಆಮೇಲೆ, "ಬಂದಿದ್ದಾನಾ ಅಂತೀಯ?"

"ಗೊತ್ತಿಲ್ಲ ಅತ್ತೆ."

"ಬರ್ಬೇಕು. ಹೊಟ್ಟೆ ತುಂಬಾ ಉಣ್ಬೇಕು. ಅದೊಂದು ಆಗ್ಬುಟ್ರೆ ನಾನು ಊರಿಗೆ ಹೋಯ್ತೀನಿ."

ಮೂವರೂ ಬೆವರಿನಲ್ಲಿ ತೊಯ್ದಿದ್ದೆವು. ಮಗಳ ಕಾಡಿಗೆ ಕೆನ್ನೆಗೆ ಇಳಿದಿತ್ತು. ಸಾಕೆನಿಸಿದಾಗ ಅತ್ತೆ ಗಂಟಲು ಸರಿಮಾಡಿ ಜೋರಾಗಿ ಕೆಮ್ಮಿದರು. ಬಾಗಿಲ ಹುಡುಗಿ ಓಡಿಬಂದು ನೀರು ಬೇಕೇ ಎಂದು ಕೇಳಿದಳು.

ಒಳಗೆ ಬಂದು ಮೂಲೆಯ ಟೇಬಲ್ ನೋಡಿದೆವು. ಎಡೆಯ ಮುಂದೆ ಒಬ್ಬ ಮನುಷ್ಯ ಕೂತು ಉಣ್ಣುತ್ತಿದ್ದ.

ನಮ್ಮ ಮನೆಯವರ ವಯಸ್ಸೇ ಇರಬಹುದು. ಆದರೆ ಅವರು ಕಡ್ಡಿಯಂಥವರು, ಇವನು ಎರಡಾಳು ಗಾತ್ರ. ಕೆಂಪು ಮುಖ, ಬಿಳಿ ಗಡ್ಡ. ಚೆಂಡು ಹೂವನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡಿದ್ದ. ಬಾತುಕೋಳಿಯ ಮೂಳೆಗಳು ಬರಿದಾಗಿದ್ದವು. ಬಿಯರ್ ಅರ್ಧ ಇಳಿದಿತ್ತು. ಎರಡು ಉಂಡೆಗಳಲ್ಲಿ ಒಂದು ಉಳಿದಿತ್ತು.

ಮಗಳು ನೇರವಾಗಿ ಹೋಗಿ, ಇದು ನಮ್ಮ ಟೇಬಲ್ ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದಳು. ಅವನು ಗಾಬರಿಯಿಂದ ಎದ್ದು ನಿಂತ. ನಡೆದದ್ದು ಆಮೇಲೆ ಗೊತ್ತಾಯಿತು. ಅವನು ಬಾಗಿಲಲ್ಲಿ ನಿಂತೇ ಬಾತುಕೋಳಿ, ಬಿಯರ್ ಹೇಳಿದ್ದ. ಆಗ ತಾನೇ ಪಾಳಿಗೆ ಬಂದ ಬೇರೆ ವೇಟರ್ ಮೂಲೆಯಲ್ಲಿ ಕೂರಿ ಎಂದು ಕೈ ತೋರಿಸಿದ್ದ. ಹೋಗಿ ನೋಡಿದರೆ ಯಾರೂ ಇಲ್ಲ, ಚೀಲವೂ ಇಲ್ಲ, ಹೇಳಿದ್ದೆಲ್ಲ ಹಸಿರೆಲೆಯ ಮೇಲೆ ಸಿದ್ಧವಾಗಿದೆ, ಮೇಲೊಂದು ಹೂವು. ದುಬೈನಲ್ಲಿ ಎಲ್ಲವೂ ಬೇಗ ಎಂದು ಕೇಳಿದ್ದ ಅವನು ಇದನ್ನು ಮೆಚ್ಚಿಕೊಂಡು ಕೂತುಬಿಟ್ಟಿದ್ದ.

"ಐ ಆಮ್ ಸೋ ಸಾರಿ" ಎಂದು ಎದೆಯ ಮೇಲೆ ಕೈ ಇಟ್ಟುಕೊಂಡ. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ, ಅಬುಧಾಬಿಯಿಂದ ನೇರ ಬಂದೆ ಎಂದ.

ಮಗಳು ತಿರುಗಿ ನನ್ನ ಮುಖ ನೋಡಿದಳು. ಅಬುಧಾಬಿಯಿಂದ ದುಬೈಗೆ ತಿಂಡಿ ತಿನ್ನದೆ ಬರುವವರು ದಿನವೂ ಸಾವಿರಾರು ಜನ ಇದ್ದಾರೆ. ಆ ರಸ್ತೆಯೇ ಅಂಥದ್ದು. ಇದನ್ನು ನನಗೆ ನಾನೇ ಹೇಳಿಕೊಂಡೆ.

"ಏನಂತಾನೆ?" ಅತ್ತೆ ಕೇಳಿದರು.

"ಹಸಿವಾಗಿತ್ತಂತೆ ಅಜ್ಜಿ. ಅಬುಧಾಬಿಯಿಂದ ಬಂದ್ರಂತೆ. ಬ್ರೇಕ್‌ಫಾಸ್ಟ್ ಮಾಡಿರ್ಲಿಲ್ಲವಂತೆ."

ಅತ್ತೆ ಅವನನ್ನೇ ನೋಡಿದರು. ಕೋಪ ಬರುತ್ತದೆ ಎಂದುಕೊಂಡಿದ್ದೆ. ಅವರು ಅವನ ಎದುರಿನ ಬೆಂಚಿನಲ್ಲಿ ಕೂತು, ಕೂತ್ಕೋ ಎಂದು ಕೈಯಲ್ಲೇ ಹೇಳಿದರು. ಅವನು ಕೂತ. ತಟ್ಟೆಯನ್ನು ಅವನ ಹತ್ತಿರಕ್ಕೆ ಸರಿಸಿದರು. ಅವನು ಹಿಂಜರಿಯುತ್ತ ಉಂಡೆಯ ಚೂರನ್ನು ಫೋರ್ಕಿನಲ್ಲಿ ಬಾಯಿಗಿಟ್ಟು, ಮರ್ಯಾದೆಯಿಂದ ನಿಧಾನವಾಗಿ ಜಗಿಯತೊಡಗಿದ.

"ಅಗೀತಾನೆ" ಎಂದರು ಅತ್ತೆ ನನ್ನ ಕಡೆ ತಿರುಗಿ. ದನಿಯಲ್ಲಿ ಸ್ವಲ್ಪ ನಿರಾಸೆ. "ನನ್ ಮಗ ಅಲ್ಲ ಬುಡು."

ಆದರೆ ಉಣ್ಣುವವನು ತಪ್ಪಾಗಿ ಉಣ್ಣುವುದನ್ನು ನೋಡಿಕೊಂಡು ಕೂರುವುದು ಅವರಿಂದ ಆಗಲಿಲ್ಲ. ಅವನ ಫೋರ್ಕನ್ನು ಕೈಯಿಂದ ತೆಗೆದು ಪಕ್ಕಕ್ಕಿಟ್ಟರು. ಗಾಳಿಯಲ್ಲೇ ಮುರಿಯುವುದು, ಅದ್ದುವುದು, ಗುಳುಂ ಎನ್ನುವುದು, ಮೂರನ್ನೂ ಮಾಡಿ ತೋರಿಸಿದರು. "ಅಗೀಬೇಡ್ದು. ಹಲ್ಲಿಗೆ ತಾಗಿಸ್ಲೇಬಾರ್ದು. ಹೇಳೇ ಅವನಿಗೆ." ಮಗಳು ಹೇಳಿದಳು. ಆ ದೊಡ್ಡ ಮನುಷ್ಯ ಬೆರಳಲ್ಲಿ ಮುರಿದು, ಗ್ರೇವಿಗೆ ಅದ್ದಿ, ಕಣ್ಣು ಮುಚ್ಚಿ ನುಂಗಿದ. ಕಣ್ಣಲ್ಲಿ ನೀರು ಬಂತು. ಬಿಯರ್ ಕುಡಿದು ಸುಧಾರಿಸಿಕೊಂಡ. ಎರಡನೆಯ ತುತ್ತು ಸಲೀಸಾಗಿ ಹೋಯಿತು. ಮೂರನೆಯದಕ್ಕೆ ಅವನಿಗೇ ಖುಷಿಯಾಗಿ, "ಮೈ ಗ್ರಾಂಡ್‌ಮದರ್ ವುಡ್ ಕಿಲ್ ಮಿ" ಎಂದು ನಕ್ಕ. ಅತ್ತೆಯೂ ನಕ್ಕರು. ಅವರಿಗೆ ಅರ್ಥವಾಗಿರಲಿಲ್ಲ. ತಟ್ಟೆಯಲ್ಲಿ ಉಳಿದ ಗ್ರೇವಿಯನ್ನೂ ಅವನು ಬೆರಳಿನಲ್ಲೇ ಬಳಿದ.

ಅತ್ತೆ ತಮ್ಮ ಹೊಟ್ಟೆಯ ಮೇಲೆ ಕೈ ಇಟ್ಟು, ಹುಬ್ಬು ಮೇಲೆ ಮಾಡಿ ಕೇಳಿದರು. "ತುಂಬ್ತಾ?"

ಅವನು ತನ್ನ ಹೊಟ್ಟೆ ತಟ್ಟಿಕೊಂಡು ಏನೋ ಹೇಳಲು ಹೋದ. ಮಾತಿಗೆ ಮೊದಲು ಒಂದು ದೊಡ್ಡ ತೇಗು ಬಂತು. ಕಹಳೆಯವರು ಆಗಷ್ಟೇ ಹಾಡು ನಿಲ್ಲಿಸಿದ್ದರಿಂದ ಅಕ್ಕಪಕ್ಕದವರಿಗೂ ಕೇಳಿಸಿತು. ಅವನು ಕಿವಿಯವರೆಗೂ ಕೆಂಪಾಗಿ ಇಂಗ್ಲಿಷು, ಜರ್ಮನ್ ಎರಡರಲ್ಲೂ ಕ್ಷಮೆ ಕೇಳಿದ.

ಅತ್ತೆ ಮಾತ್ರ ಕಣ್ಣು ಮುಚ್ಚಿಕೊಂಡಿದ್ದರು. ನಮ್ಮ ಕಡೆ ಉಂಡವರು ತೇಗಿದರೆ ಬಡಿಸಿದವರ ಕೆಲಸ ಮುಗಿದ ಹಾಗೆ. "ತೇಗ್ದ" ಎಂದರು ಮೆಲ್ಲಗೆ. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೊಮ್ಮೆ, ಯಾರಿಗೋ ವರದಿ ಒಪ್ಪಿಸುವಂತೆ, "ತೇಗ್ದ ಕಣವ್ವ" ಎಂದರು.

ಅದು ಯಾರಿಗೆ ಇಟ್ಟ ಊಟ ಎಂದು ಮಗಳು ಆಮೇಲೆ ಅವನಿಗೆ ಹೇಳಿದಳು. ಅವನು ವೇಟರನನ್ನು ಕರೆದು ಇನ್ನೊಂದು ಮಗ್ಗು ತರಿಸಿ, ಜೇಬಿನ ಹೂವನ್ನು ತೆಗೆದು ಅದರ ಪಕ್ಕದಲ್ಲಿಟ್ಟು, ನಮಗೆ ತಲೆಬಾಗಿ ಬೇರೆ ಟೇಬಲಿಗೆ ಹೋದ. ಮಗ್ಗಿನ ಮೇಲೆ ಬೆರಳುದ್ದ ನೊರೆ ನಿಂತಿತ್ತು.

"ಎಡೆ ಆಯ್ತಲ್ಲ, ಇನ್ನು ಮುಟ್ಟಬಹುದು" ಎಂದರು ಅತ್ತೆ.

ನಾನು ಅತ್ತಿತ್ತ ನೋಡಿ ನೊರೆಯನ್ನಷ್ಟೇ ಹೀರಿ, ಮಗ್ಗನ್ನು ಎದುರಿನ ಖಾಲಿ ಜಾಗಕ್ಕೆ ತಳ್ಳಿದೆ.

ಕಾರಿನಲ್ಲಿ ಬರುವಾಗ ಅತ್ತೆ ಕಿಟಕಿಗೆ ತಲೆ ಆನಿಸಿ ಕೂತಿದ್ದರು. ಅಲ್ ನಹ್ದಾ ಹತ್ತಿರ ಬಂದಾಗ ಎಚ್ಚರಾಗಿ, "ಅದೇನೋ ಬಿಳಿ ಕಡ್ಡಿ ಅಂದೆಯಲ್ಲ, ವಿಮಾನದಲ್ಲಿ ಬರೋದು. ಅದ್ಯಾವಾಗ ಬತ್ತದೆ?" ಎಂದು ಕೇಳಿದರು.

"ಏಪ್ರಿಲ್ ಕೊನೆಗೆ ಅತ್ತೆ."

"ವೀಸಾ ಮತ್ತೆ ಕೊಡ್ತಾರಾ?"

ಕೊಡುತ್ತಾರೆ ಎಂದೆ. ಹಳೆಯ ಪ್ರಶ್ನೆಯನ್ನು ಅವರು ಆಮೇಲೆ ಕೇಳಿಲ್ಲ. ಅವತ್ತು ಮನೆಗೆ ಹೋಗಿ ಕನ್ನಡಿ ನೋಡಿದಾಗ ನನ್ನ ಮೂಗಿನ ತುದಿಯಲ್ಲಿ ನೊರೆ ಒಣಗಿತ್ತು. ಮಗಳಾಗಲಿ ಅತ್ತೆಯಾಗಲಿ ದಾರಿಯುದ್ದಕ್ಕೂ ಒಂದು ಮಾತು ಹೇಳಿರಲಿಲ್ಲ.